ಪರದೆಯ ಬಣ್ಣವೂ ಕಾಗದದ ಬಣ್ಣವೂ

ಕಳೆದ ವರ್ಷದ ನಮ್ಮ ವಾರ್ಷಿಕ ಸಂಚಿಕೆಯ ನಡುವೆ ನಾಲ್ಕು ಬಣ್ಣದ ಪುಟಗಳಿದ್ದವು. ನಮ್ಮ ಕಾಲೇಜಿಗೆ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಿರುವದರಿಂದ, ತಾಲೂಕಿಗೊಂದು ಪುಟದಂತೆ ಆಯಾ ಭಾಗದವರೇ ತೆಗೆದ ಛಾಯಾಚಿತ್ರಗಳನ್ನು ಅಲ್ಲಿ ಅಚ್ಚು ಹಾಕಿಸಿದ್ದೆವು. ಹಾನಗಲ್ಲಿನ ತಾರಕೇಶ್ವರ ದೇವಾಲಯ, ಶಿಗ್ಗಾಂವ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಸವಣೂರಿನ ಎಲೆಬಳ್ಳಿಯ ತೋಟ, ಹಿರೇಕೆರೂರಿನ ಕೆರೆ, ಇವೇ ಆ ನಾಲ್ಕು ಚಿತ್ರಗಳು. ಸ್ನೇಹಸಮ್ಮೇಳನದ ದಿನ ಸಂಚಿಕೆ ಕೈಗೆ ಬಂದಾಗ ಆದುದೇನು? ಕೆರೆಯ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ರಾಕ್ ಗಾರ್ಡನ್ನಿನ ಮೂರ್ತಿಗಳು ಹತ್ತು ಸಲ ಒಗೆದ ಅಂಗಿಯಂತೆ ಮಾಸಿದ್ದವು. ಎಲೆಬಳ್ಳಿ ಬಾಡಿತ್ತು. ದೇವಾಲಯದ ಕಲ್ಲಿಗೆ ಕೆಮ್ಮಣ್ಣು ಮೆತ್ತಿದಂತಿತ್ತು. ಚಿತ್ರಗಳ ಕೆಳಗಿನ ಸಣ್ಣ ಅಕ್ಷರಗಳಂತೂ ಜೋಡಿಜೋಡಿಯಾಗಿ ಕಾಣುತ್ತಿದ್ದವು.

ಎಲ್ಲರೂ ನಕ್ಕರು. ಸಂಪಾದಕ ಮಂಡಲಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಯಾಗಿದ್ದ ನನಗೆ ಮಾತ್ರ ನಗೆ ಬರಲಿಲ್ಲ. ಮರುದಿನವೇ ನಾವು ಸಭೆ ಸೇರಿ, ಮುದ್ರಣಾಲಯದವರು ಕೆಲಸ ಕೆಡಿಸಿದ್ದಾರಾದ್ದರಿಂದ ಅವರ ಬಿಲ್ಲಿನ ಒಂದು ಭಾಗವನ್ನು ತಡೆಹಿಡಿಯಬೇಕೆಂದು ಠರಾವು ಮಾಡಿದೆವು. ಆ ಪತ್ರವನ್ನು ಬರೆದವನು ನಾನೇ. ಚೆನ್ನಾಗಿ ಬರೆದಿದ್ದೇನೆಂದು ಆ ದಿನ ಹೆಮ್ಮೆಪಟ್ಟುಕೊಂಡೆನು. ಇಂದು ಅದೇ ಪತ್ರಕ್ಕೆ ನಾನೇ ಉತ್ತರ ಬರೆಯಬೇಕಾಗಿ ಬಂದಿದೆ. ಏಕೆಂದರೆ ತಪ್ಪು ಮುದ್ರಣಾಲಯದ್ದಲ್ಲ, ನಮ್ಮದು. 'ಕುಣಿಯಲಾರದವಳು ಅಂಗಳ ಡೊಂಕೆಂದಳು' ಎಂಬ ಗಾದೆಯ ಮಾತು ನಮ್ಮ ಮಂಡಲಿಗೆ ಸರಿಯಾಗಿ ಒಪ್ಪುವದು.

ಇದು ನನಗೆ ತಿಳಿದುದು ಹೀಗೆ. ಕೆಲವು ವಾರಗಳ ಮೇಲೆ ಬೇರೊಂದು ಕೆಲಸಕ್ಕಾಗಿ ಅದೇ ಮುದ್ರಣಾಲಯಕ್ಕೆ ಹೋಗಬೇಕಾಯಿತು. ಯಜಮಾನರು ವಯಸ್ಸಾದವರು. ಜಗಳವಾಡಲಿಲ್ಲ. ಚಹಾ ತರಿಸಿಕೊಟ್ಟು, ನಾವು ಕಳಿಸಿದ್ದ ಫೈಲನ್ನು ಗಣಕಯಂತ್ರದಲ್ಲಿ ತೆರೆದು ತೋರಿಸಿದರು. "ತಮ್ಮಾ, ನೀವು ಕೊಟ್ಟದ್ದು ಬೆಳಕು. ನಮ್ಮ ಕಡೆ ಇರೂದು ಮಸಿ. ಒಮ್ಮೆ ಬಂದು ಪ್ರೂಫ್ ನೋಡ್ರಿ ಅಂತ ಎರಡು ಸಲ ಫೋನ್ ಮಾಡಿದ್ದೆ," ಎಂದರು. ನಿಜ, ಮಾಡಿದ್ದರು. ನಾವು ಹೋಗಲಿಲ್ಲ. "ಫೋಟೋ ಹೊಡೆದು ವಾಟ್ಸಾಪಿಗೆ ಹಾಕ್ರಿ ಕಾಕಾ" ಎಂದೆವು. ಅಚ್ಚಾದ ಪ್ರೂಫನ್ನು ಮತ್ತೆ ಮೊಬಾಯಿಲಿನ ಪರದೆಯ ಮೇಲೆ ನೋಡಿ, ಹೆಬ್ಬೆರಳಿನ ಚಿತ್ರ ಒತ್ತಿ ಒಪ್ಪಿಗೆ ಕೊಟ್ಟೆವು! ಕನ್ನಡಿಯೊಳಗಿನ ಗಂಟನ್ನು ಕಂಡು ಸಂತೋಷಪಟ್ಟವರು ನಾವು. ಗಂಟು ಕೈಗೆ ಬರಲಿಲ್ಲವೆಂದು ದಂಡ ತೆತ್ತವರು ಅವರು.

ಬೆಳಕು ಮತ್ತು ಮಸಿ ಎಂಬ ಅವರ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಪರದೆ ತಾನೇ ಬೆಳಗುವ ವಸ್ತು. ಅದರಲ್ಲಿ ಕೆಂಪು, ಹಸುರು, ನೀಲಿ ಎಂಬ ಮೂರು ಬಗೆಯ ಅತಿ ಸಣ್ಣ ದೀಪಗಳಿವೆಯೆಂದು ತಿಳಿಯೋಣ. ಮೂರೂ ಆರಿದ್ದರೆ ಕಪ್ಪು, ಮೂರೂ ಪೂರ್ಣವಾಗಿ ಉರಿದರೆ ಬಿಳುಪು. ಇದನ್ನೇ ಗಣಕದವರು ಆರ್‌ಜಿಬಿ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೊಂದು ದೀಪಕ್ಕೆ 256 ಮೆಟ್ಟಿಲುಗಳಿರುವದರಿಂದ ಒಟ್ಟು 1,67,77,216 ಬಗೆಯ ಬೆರಕೆಗಳು ಸಾಧ್ಯ. ಕಾಗದವಾದರೋ ತಾನೇ ಬೆಳಗುವದಿಲ್ಲ. ಕಿಟಕಿಯಿಂದ ಬಂದ ಬೆಳಕು ಅದರ ಮೇಲೆ ಬಿದ್ದು ಮರಳಿ ನಮ್ಮ ಕಣ್ಣಿಗೆ ಬರಬೇಕು. ನಡುವೆ ಇರುವ ಮಸಿ ಆ ಬೆಳಕಿನಲ್ಲಿ ಒಂದು ಪಾಲನ್ನು ನುಂಗಿಬಿಡುವದು. ತಿಳಿನೀಲಿಯಾದ ಸಯಾನ್ ಮಸಿ ಕೆಂಪು ಬೆಳಕನ್ನು ನುಂಗುತ್ತದೆ, ಗುಲಾಬಿಗೆಂಪಿನ ಮಜೆಂಟಾ ಹಸುರನ್ನು ನುಂಗುತ್ತದೆ, ಹಳದಿಯು ನೀಲಿಯನ್ನು ನುಂಗುತ್ತದೆ. ಇವುಗಳ ಜೊತೆಗೆ ಕಪ್ಪು ಮಸಿ. ಈ ನಾಲ್ಕರ ಪದ್ಧತಿಯೇ ಸಿಎಂವೈಕೆ. ಪರದೆಯಲ್ಲಿ ಬಣ್ಣ ಕೂಡಿಸಿದಷ್ಟೂ ಬೆಳಕು ಹೆಚ್ಚುವದು, ಕಾಗದದಲ್ಲಿ ಮಸಿ ಕೂಡಿಸಿದಷ್ಟೂ ಕತ್ತಲೆ ಹೆಚ್ಚುವದು. ಒಂದು ಕೂಡುವ ಲೆಕ್ಕ, ಇನ್ನೊಂದು ಕಳೆಯುವ ಲೆಕ್ಕ. ಆದುದರಿಂದ ಪರದೆ ತೋರಿಸಬಲ್ಲ ಅನೇಕ ಬಣ್ಣಗಳನ್ನು ಮಸಿ ತೋರಿಸಲಾರದು. ಇದು ಯಾರ ಅಪರಾಧವೂ ಅಲ್ಲ, ಪದಾರ್ಥದ ಗುಣ.

ಹಾಗಾದರೆ ಹಿಂದಿನವರು ಬಣ್ಣದ ಚಿತ್ರಗಳನ್ನು ಹೇಗೆ ಅಚ್ಚು ಹಾಕಿದರು? ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದಿತು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಮುದ್ರಣಾಲಯದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಒಂದರ ಮೇಲೊಂದರಂತೆ ಒತ್ತಿ ದೇವದೇವಿಯರ ಚಿತ್ರಗಳನ್ನು ತೆಗೆಯುತ್ತಿದ್ದರು. ಅವು ನಮ್ಮ ಅಜ್ಜಂದಿರ ಮನೆಗಳ ಗೋಡೆಯನ್ನೇರಿದವು. ಮೂರೇ ಬಣ್ಣಗಳಿಂದ ಎಲ್ಲ ಬಣ್ಣಗಳನ್ನೂ ಕಟ್ಟಬಹುದೆಂಬುದನ್ನು ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ 1861ರಲ್ಲಿ ಮೂರು ಗಾಜುಗಳ ಮೂಲಕ ತೆಗೆದ ಛಾಯಾಚಿತ್ರದಿಂದ ತೋರಿಸಿಕೊಟ್ಟಿದ್ದನು. ಅದೇ ತತ್ವದ ಮೇಲೆ ತ್ರಿವರ್ಣ ಬ್ಲಾಕುಗಳು ಬಂದವು. ಬ್ಲಾಕು ಮಾಡುವವನು ಒಂದೇ ಚಿತ್ರವನ್ನು ಬೇರೆ ಬೇರೆ ಬಣ್ಣದ ಗಾಜುಗಳ ಮೂಲಕ ತೆಗೆದು, ಯಾವ ಮಸಿ ಎಲ್ಲಿ ಎಷ್ಟು ಬೀಳಬೇಕೆಂಬುದನ್ನು ತನ್ನ ಕಣ್ಣಿನಿಂದ, ಅನುಭವದಿಂದ ತಿದ್ದುತ್ತಿದ್ದನು. ಬೆಳಕನ್ನು ಮಸಿಯಾಗಿ ಪರಿವರ್ತಿಸುವದೇ ಅವನ ವೃತ್ತಿಯಾಗಿತ್ತು.

ಇಂದು ಆ ವೃತ್ತಿಯವರು ನಮ್ಮ ನಡುವೆ ಇಲ್ಲ. ಗಣಕದಲ್ಲಿ ಒಂದು ಗುಂಡಿ ಒತ್ತಿದರೆ ಅವನ ಕೆಲಸ ಒಂದು ಕ್ಷಣದಲ್ಲಿ ಮುಗಿಯುತ್ತದೆ. ಆದರೆ ಕೆಲಸ ಇಲ್ಲವಾಗಿಲ್ಲ, ಮಾಡುವವನು ಇಲ್ಲವಾಗಿದ್ದಾನೆ. ಆ ಗುಂಡಿಯನ್ನು ಯಾರು ಒತ್ತಬೇಕು, ಯಾವಾಗ ಒತ್ತಬೇಕು, ಒತ್ತಿದ ಮೇಲೆ ಏನನ್ನು ನೋಡಬೇಕು ಎಂಬುದು ಪುಟವನ್ನು ಕಟ್ಟುವವರ ಪಾಲಿಗೆ ಬಂದಿದೆ. ಅಂದರೆ ನಮ್ಮ ಪಾಲಿಗೆ. ಹೊಣೆ ನಮ್ಮ ಹೆಗಲಿಗೆ ಬಂದುದು ನಮಗೆ ಗೊತ್ತಾಗಲೇ ಇಲ್ಲ ಎಂಬುದೇ ಕಳೆದ ವರ್ಷದ ಕಥೆ.

ಈಗ ಆ ನಾಲ್ಕು ಪುಟಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಹಿರೇಕೆರೂರು. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರಿನ ನೀರು ನೇರಳೆಯಾದುದೇಕೆ? ಕಾಗದದ ಮೇಲೆ ಗಾಢ ನೀಲಿ ಬರಬೇಕಾದರೆ ಸಯಾನ್ ಮತ್ತು ಮಜೆಂಟಾ ಎರಡೂ ಕೂಡಬೇಕು. ಮಜೆಂಟಾ ಸಯಾನಿನ ಸಮಕ್ಕೆ ಬಂದೊಡನೆ ನೀಲಿ ಹೋಗಿ ನೇರಳೆಯಾಗುವದು. ನುರಿತವರು ಮಜೆಂಟಾವನ್ನು ಸಯಾನಿಗಿಂತ ಕನಿಷ್ಠ 30 ಅಂಶ ಕಡಿಮೆ ಇಡುತ್ತಾರೆ. ನಾವು ಆಕಾಶವೂ ನೀರೂ ಹೊಳೆಯಲಿ ಎಂದು ನೀಲಿಯನ್ನು ಎಳೆದೆಳೆದು ಹೆಚ್ಚಿಸಿದ್ದೆವು. ಹೆಚ್ಚಿಸಿದಷ್ಟೂ ನೇರಳೆಗೆ ದಾರಿಮಾಡಿಕೊಟ್ಟೆವು.

ಎರಡನೆಯದು ಗೊಟಗೋಡಿಯ ರಾಕ್ ಗಾರ್ಡನ್. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರ ಕಲ್ಪನೆಯಿಂದ ಮೂಡಿದ ಆ ತಾಣದಲ್ಲಿ ನಮ್ಮ ಹಳ್ಳಿಯ ಬಾಳುವೆ ಆಳೆತ್ತರದ ಬಣ್ಣದ ಮೂರ್ತಿಗಳಾಗಿ ನಿಂತಿದೆ. ಕುಬಸ, ರುಮಾಲು, ಎತ್ತಿನ ಜೂಲು ಎಲ್ಲವೂ ಬಣ್ಣವೇ. ಇಂಥ ಚಿತ್ರದಲ್ಲಿ ಹಲವು ಬಣ್ಣಗಳು ಮಸಿಯ ಎಲ್ಲೆಯ ಹೊರಗೆ ನಿಂತಿರುತ್ತವೆ. ಅವನ್ನು ಒಳಗೆ ತರುವದಕ್ಕೆ ಎರಡು ದಾರಿಗಳಿವೆ. ಶಿಗ್ಗಾಂವದಿಂದ ಹಾನಗಲ್ಲಿಗೆ ಹೋಗುವ ಮುಂಜಾನೆಯ ಬಸ್ಸನ್ನು ನೆನೆಯಿರಿ. ಬಾಗಿಲಲ್ಲಿ ಇಪ್ಪತ್ತು ಜನ ನಿಂತಿದ್ದಾರೆ. ಕಂಡಕ್ಟರರು ಒಳಗಿನವರೆಲ್ಲರನ್ನೂ ಸ್ವಲ್ಪ ಸ್ವಲ್ಪ ಸರಿಸಿ ಎಲ್ಲರಿಗೂ ಸ್ಥಳ ಮಾಡಬಹುದು. ಆಗ ಎಲ್ಲರೂ ಇಕ್ಕಟ್ಟಾದರೂ ಒಬ್ಬರಿಗೊಬ್ಬರ ನಡುವಿನ ಅಂತರ ಉಳಿಯುವದು. ಇಲ್ಲವೆ ಕುಳಿತವರನ್ನು ಅಲುಗಿಸದೆ ಹೊರಗಿನವರನ್ನಷ್ಟೇ ಬಾಗಿಲ ಬಳಿ ಒತ್ತಿ ನಿಲ್ಲಿಸಬಹುದು. ಆಗ ಒಳಗಿನವರು ಸುಖಿಗಳು, ಬಾಗಿಲಲ್ಲಿದ್ದವರು ಒಬ್ಬರ ಮೇಲೊಬ್ಬರು. ಬಣ್ಣದ ಪರಿವರ್ತನೆಯಲ್ಲಿ ಮೊದಲನೆಯದನ್ನು ಪರ್ಸೆಪ್ಚುವಲ್ ಎಂದೂ ಎರಡನೆಯದನ್ನು ರಿಲೇಟಿವ್ ಕಲರಿಮೆಟ್ರಿಕ್ ಎಂದೂ ಕರೆಯುತ್ತಾರೆ. ಹೊರಗೆ ನಿಂತ ಬಣ್ಣಗಳೇ ಹೆಚ್ಚಾಗಿರುವ ಮೂರ್ತಿಗಳ ಚಿತ್ರಕ್ಕೆ ಸಾಮಾನ್ಯವಾಗಿ ಮೊದಲ ದಾರಿ ಒಳಿತು. ಬಹುಮಟ್ಟಿಗೆ ಎಲ್ಲೆಯೊಳಗೇ ಇರುವ ಕಲ್ಲಿನ ಚಿತ್ರಕ್ಕೆ ಎರಡನೆಯದು ಒಳಿತು. ನಾವು ಯಾವುದನ್ನು ಆರಿಸಿದೆವು? ಇಂಥ ಆಯ್ಕೆಯೊಂದು ಇದೆಯೆಂಬುದೇ ನಮಗೆ ತಿಳಿದಿರಲಿಲ್ಲ.

ಮೂರನೆಯದು ಸವಣೂರಿನ ಎಲೆ. ಇಲ್ಲಿ ಒಂದು ವಿಚಿತ್ರವಿದೆ. ವೀಳ್ಯದೆಲೆಯ ನಿಜವಾದ ಹಸುರು ತುಸು ಕಪ್ಪಾದ, ಗಂಭೀರವಾದ ಹಸುರು. ಸಯಾನ್, ಹಳದಿಗಳು ಕೂಡಿದರೆ ಅದು ಕಾಗದದ ಮೇಲೆ ಬಹುಮಟ್ಟಿಗೆ ಬಂದೇ ಬರುವದು. ಬಾರದೆ ಹೋದದ್ದು ಎಲೆಯ ಹಸುರಲ್ಲ, ಮೊಬಾಯಿಲು ತಾನಾಗಿ ಹಚ್ಚಿದ ಹಸುರು. ಈಗಿನ ಮೊಬಾಯಿಲುಗಳು ಚಿತ್ರ ತೆಗೆಯುವಾಗಲೇ ಹಸುರನ್ನು ಇನ್ನಷ್ಟು ಹಸುರಾಗಿ, ನೀಲಿಯನ್ನು ಇನ್ನಷ್ಟು ನೀಲಿಯಾಗಿ ಮಾಡಿ ನಮ್ಮನ್ನು ಮೆಚ್ಚಿಸುತ್ತವೆ. ಬೆಳ್ಳಗಿರುವದೆಲ್ಲ ಹಾಲಲ್ಲವೆಂಬಂತೆ, ಪರದೆಯಲ್ಲಿ ಹೊಳೆಯುವದೆಲ್ಲ ತೋಟದಲ್ಲಿ ಇದ್ದದ್ದಲ್ಲ. ನಾವು ತೋಟವನ್ನು ಮರೆತು ಪರದೆಯನ್ನು ಅಳತೆಗೋಲು ಮಾಡಿಕೊಂಡೆವು. ಆ ಎಲೆಯನ್ನೇ ಪುಟದ ಪಕ್ಕದಲ್ಲಿಟ್ಟು ನೋಡಿದ್ದರೆ ನಮ್ಮ ಮನೋವ್ಯಥೆ ಅರ್ಧ ಕಡಿಮೆಯಾಗುತ್ತಿತ್ತು.

ನಾಲ್ಕನೆಯದು ಹಾನಗಲ್ಲಿನ ತಾರಕೇಶ್ವರ. ಕಲ್ಯಾಣದ ಚಾಲುಕ್ಯರ ಕಾಲದ ಆ ಗುಡಿಯ ಛತ್ತಿನಲ್ಲಿ ಅರಳಿದ ಕಲ್ಲಿನ ಕಮಲವನ್ನು ನೋಡದವರು ನಮ್ಮಲ್ಲಿ ವಿರಳ. ಬೂದು ಬಣ್ಣ ಸುಲಭವೆಂದು ನಾವು ತಿಳಿದಿದ್ದೆವು. ಮಸಿಯ ಲೋಕದಲ್ಲಿ ಅದೇ ಅತಿ ಕಠಿಣ. ಸಯಾನ್, ಮಜೆಂಟಾ, ಹಳದಿ ಮೂರನ್ನೂ ಸಮನಾಗಿ ಬೆರೆಸಿದರೆ ಬೂದು ಬರುವದಿಲ್ಲ, ಕಂದು ಬರುವದು. ಮಸಿಗಳು ಶುದ್ಧವಲ್ಲದ್ದರಿಂದ ಸಯಾನ್ ತುಸು ಹೆಚ್ಚಿರಬೇಕು. ಸುಮಾರು 50ಕ್ಕೆ 40, 40 ಎಂಬ ಪ್ರಮಾಣ. ಯಂತ್ರದಲ್ಲಿ ಒಂದು ಮಸಿ ಸ್ವಲ್ಪ ಏರುಪೇರಾದರೂ ಕಲ್ಲು ಕೆಂಪಗೋ ಹಸುರಾಗಿಯೋ ತಿರುಗುವದು. ಬೂದಿನ ಹೆಚ್ಚಿನ ಭಾರವನ್ನು ಕಪ್ಪು ಮಸಿಯ ಮೇಲೆಯೇ ಹಾಕುವ ಪರಿವರ್ತನೆಯನ್ನು ಆರಿಸಿದ್ದರೆ ಕಲ್ಲು ಕಲ್ಲಾಗಿಯೇ ಉಳಿಯುತ್ತಿತ್ತು.

ಇನ್ನು ಅಕ್ಷರಗಳ ಮಾತು. ಕನ್ನಡದವರಾದ ನಾವು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದುದು ಇದನ್ನೇ. ಬರಹದ ಫೈಲಿನಲ್ಲಿ ನಾವು ಕಪ್ಪೆಂದು ಇಟ್ಟದ್ದು ಆರ್‌ಜಿಬಿಯ ಕಪ್ಪು, ಅಂದರೆ ಮೂರೂ ದೀಪಗಳು ಆರಿದ ಕತ್ತಲೆ. ಅದನ್ನು ಹಾಗೆಯೇ ಪರಿವರ್ತಿಸಿದರೆ ಒಂದು ಕಪ್ಪು ಮಸಿಯಾಗದೆ ನಾಲ್ಕೂ ಮಸಿಗಳ ಬೆರಕೆಯಾಗುವದು. ಫೋಟೋಶಾಪಿನ ಬಹುಕಾಲದ ರೂಢಿಯ ಏರ್ಪಾಡಿನಲ್ಲಿ ಅದು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90, ಒಟ್ಟು 300 ಆಗುತ್ತದೆ. ನಾಲ್ಕು ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಪ್ರತಿ ಅಕ್ಷರಕ್ಕೂ ಒಂದು ಬಣ್ಣದ ನೆರಳು ಬೀಳುವದು. ದೊಡ್ಡ ತಲೆಬರಹದಲ್ಲಿ ಅದು ಕಾಣದಿರಬಹುದು. ಸಣ್ಣ ಅಕ್ಷರದ ಅಡಿಯ ಒತ್ತುಗಳಲ್ಲಿ, ಕೊಂಬು ಸುಳಿಗಳಲ್ಲಿ, ಅನುಸ್ವಾರದ ಸೊನ್ನೆಯೊಳಗೆ ಮಸಿ ತುಂಬಿಕೊಂಡು ಓದುವದೇ ಕಷ್ಟವಾಗುವದು. ಬರಹವೆಲ್ಲವೂ ಕೇವಲ ಕಪ್ಪು ಮಸಿಯಲ್ಲಿ, 100 ಅಂಶ ಕಪ್ಪು, ಉಳಿದ ಮೂರು ಸೊನ್ನೆ, ಹೀಗಿರಬೇಕೆಂಬ ಒಂದು ನಿಯಮವನ್ನು ಪಾಲಿಸಿದ್ದರೆ ನಮ್ಮ ಅಕ್ಷರಗಳು ಜೋಡಿಯಾಗುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಕಾಗದವೆಂದರೆ ಬಡವರ ಪರದೆಯೆಂದು ಯಾರೂ ಭಾವಿಸಬಾರದು. ಮಸಿಗೂ ತನ್ನ ಸಿರಿಯಿದೆ. ನಮ್ಮ ಕನ್ನಡ ಬಾವುಟದ ಹಳದಿ ಒಂದೇ ಮಸಿಯಿಂದ ಕಳೆಗಟ್ಟಿ ಬರುವದು. ಅದರ ಕೆಂಪು ಮಜೆಂಟಾ ಹಳದಿಗಳ ಕೂಟದಿಂದ ತುಂಬಿ ಬರುವದು. ನೆರೆಯ ಬ್ಯಾಡಗಿಯ ಮೆಣಸಿನಕಾಯಿ, ಖಾರಕ್ಕಿಂತ ಬಣ್ಣಕ್ಕೇ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಆ ಕಾಯಿ, ಅದರ ಗಾಢವಾದ ಕೆಂಪೂ ಕಾಗದಕ್ಕೆ ಚೆನ್ನಾಗಿ ಒಗ್ಗುವದು. ಮುಖಪುಟದ ಚಿತ್ರವನ್ನು ಆರಿಸುವಾಗ ಕಾಗದಕ್ಕೆ ಒಗ್ಗುವದು ಯಾವದು, ಒಗ್ಗದ್ದು ಯಾವದು ಎಂಬ ವಿವೇಕವಿದ್ದರೆ ಅರ್ಧ ಕೆಲಸ ಆದಂತೆಯೇ.

ನನ್ನ ಮಾತಿಗೆ ಆಕ್ಷೇಪಣೆಗಳು ಇಲ್ಲದಿಲ್ಲ. ಪರಿವರ್ತನೆ ಮುದ್ರಕರ ಕೆಲಸವಲ್ಲವೆ, ಹಣ ಕೊಡುವದು ಯಾತಕ್ಕೆ, ಎಂದು ಕೆಲವರು ಕೇಳುವರು. ಮುದ್ರಕರಿಗೆ ಅವರ ಯಂತ್ರ ಗೊತ್ತು, ಅವರ ಕಾಗದ ಗೊತ್ತು. ನಮ್ಮ ಊರಿನ ಕೆರೆಯ ಬಣ್ಣ ಅವರಿಗೆ ಹೇಗೆ ಗೊತ್ತಾಗಬೇಕು? ಎಲೆಯನ್ನು ಕಂಡವರು ನಾವು. ಯಾವ ಬಣ್ಣವನ್ನು ಉಳಿಸಬೇಕು, ಯಾವದನ್ನು ಬಿಡಬೇಕು ಎಂಬ ತೀರ್ಮಾನ ಚಿತ್ರದವರದು. ಅದನ್ನು ಹೊರಗಿನವರಿಗೆ ಒಪ್ಪಿಸಿ ಆಮೇಲೆ ದೂರುವದು ನ್ಯಾಯವಲ್ಲ. ಆದರೂ ಮುದ್ರಕರಿಗೂ ಒಂದು ಕರ್ತವ್ಯವಿದೆ. ತಾವು ಯಾವ ಕಾಗದದ ಮೇಲೆ, ಯಾವ ಪ್ರೊಫೈಲಿನಂತೆ ಅಚ್ಚು ಹಾಕುವೆವೆಂಬುದನ್ನು ಮೊದಲೇ ಹೇಳಬೇಕು. ನುಣುಪಾದ ಆರ್ಟ್ ಪೇಪರು ಒಟ್ಟು ಸುಮಾರು 300 ಅಂಶ ಮಸಿಯನ್ನು ತಾಳಿದರೆ, ಸುದ್ದಿಪತ್ರಿಕೆಯ ಕಾಗದ ಸುಮಾರು 240ನ್ನಷ್ಟೇ ತಾಳುವದು. ಮ್ಯಾಪ್‌ಲಿಥೋ ಕಾಗದ ಮಸಿಯನ್ನು ಹೀರಿ ಚುಕ್ಕೆಗಳನ್ನು ಅಗಲಮಾಡುವದು. ಕಾಗದ ತಿಳಿಯದೆ ಮಾಡಿದ ಪರಿವರ್ತನೆ ಅಳತೆ ತೆಗೆಯದೆ ಹೊಲಿದ ಅಂಗಿಯಂತೆ.

ಹೊಸ ಪದ್ಧತಿಯ ಪಿ.ಡಿ.ಎಫ್.ಗಳಲ್ಲಿ ಆರ್‌ಜಿಬಿ ಚಿತ್ರಗಳನ್ನೇ ಇಟ್ಟು ಕೊನೆಯ ಗಳಿಗೆಯಲ್ಲಿ ಮುದ್ರಣಾಲಯದಲ್ಲಿಯೇ ಪರಿವರ್ತಿಸಬಹುದೆಂದು ಬಲ್ಲವರು ಹೇಳುತ್ತಾರೆ. ಅದೂ ನಿಜ. ಪಿ.ಡಿ.ಎಫ್. ಎಕ್ಸ್-4 ಎಂಬ ಮಾದರಿಗೆ ಅದು ಸಮ್ಮತ. ಆದರೆ ಚಿತ್ರದೊಳಗೆ ಅದರ ಪ್ರೊಫೈಲು ಇರಬೇಕು, ಮುದ್ರಕರು ಒಪ್ಪಿರಬೇಕು, ಪ್ರೂಫನ್ನು ಕಣ್ಣಾರೆ ನೋಡಿರಬೇಕು. ತಿಳಿದು ತಡಮಾಡುವದು ಬೇರೆ, ತಿಳಿಯದೆ ಬಿಟ್ಟುಬಿಡುವದು ಬೇರೆ.

ಕಾಗದದ ಸಂಚಿಕೆಯೇ ಬೇಡ, ಮೊಬಾಯಿಲಿಗೆ ಕಳಿಸಿಬಿಡಿರಿ ಎನ್ನುವ ಮಿತ್ರರೂ ಇದ್ದಾರೆ. ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಹಳೆಯ ಸಂಚಿಕೆಗಳನ್ನು ಕುಳಿತು ತಿರುವಿಹಾಕಿದವರಿಗೆ ಈ ಮಾತು ಒಪ್ಪಿಗೆಯಾಗಲಾರದು. ಎರಡು ಮೊಬಾಯಿಲು ಬದಲಿಸುವಷ್ಟರಲ್ಲಿ ಚಿತ್ರಗಳು ಎಲ್ಲಿ ಹೋದವೆಂಬುದು ನಮಗೇ ತಿಳಿಯುವದಿಲ್ಲ. ನಾಳೆ ಸವಣೂರಿನ ಎಲೆದೋಟವೊಂದು ಇಲ್ಲವಾದರೆ ಅದು ಹೇಗಿತ್ತೆಂಬುದಕ್ಕೆ ನಮ್ಮ ಕಪಾಟಿನ ಒಂದು ಪುಟ ಸಾಕ್ಷಿಯಾಗಬಹುದು. ಆ ಸಾಕ್ಷಿ ಸುಳ್ಳು ಹೇಳಬಾರದು.

ಆದುದರಿಂದ ಪ್ರಾಚಾರ್ಯರಲ್ಲಿಯೂ ಸಂಪಾದಕ ಮಂಡಲಿಯ ಗುರುಗಳಲ್ಲಿಯೂ ನಾನು ಕೆಲವು ವಿನಂತಿಗಳನ್ನು ಮಾಡುತ್ತೇನೆ. ಮಂಡಲಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಬಣ್ಣದ ಹೊಣೆಯನ್ನೇ ಒಪ್ಪಿಸಬೇಕು. ಅವರು ಕೆಲಸದ ಆರಂಭದಲ್ಲಿಯೇ ಮುದ್ರಣಾಲಯಕ್ಕೆ ಹೋಗಿ ಕಾಗದ, ಪ್ರೊಫೈಲು, ಮಸಿಯ ಮಿತಿ ಈ ಮೂರನ್ನು ಕೇಳಿ ಬರೆದುಕೊಂಡು ಬರಬೇಕು. ಮೂಲ ಚಿತ್ರಗಳನ್ನು ಹಾಗೆಯೇ ಕಾಯ್ದಿಟ್ಟು ಪ್ರತಿಯೊಂದರ ನಕಲನ್ನು ಮಾತ್ರ ಪರಿವರ್ತಿಸಬೇಕು. ಏಕೆಂದರೆ ಒಮ್ಮೆ ಮಸಿಯ ಲೆಕ್ಕಕ್ಕೆ ಇಳಿದ ಬಣ್ಣ ಮರಳಿ ಬೆಳಕಿನ ಲೆಕ್ಕಕ್ಕೆ ತಂದರೂ ಕಳೆದುದು ಬರುವದಿಲ್ಲ. ಪುಟ ಕಟ್ಟುವದಕ್ಕೆ ಸ್ಕ್ರೈಬಸ್ ಎಂಬ ತಂತ್ರಾಂಶ ಬೆಲೆಯಿಲ್ಲದೆ ದೊರೆಯುತ್ತದೆ. ಅದು ಸಿಎಂವೈಕೆಯನ್ನು ಬಲ್ಲದು, ಯುನಿಕೋಡ್ ಕನ್ನಡದ ಒತ್ತಕ್ಷರಗಳೂ ಈಗ ಅದರಲ್ಲಿ ಸರಿಯಾಗಿ ಕೂಡುತ್ತವೆ. ಕಾಗದದ ಮೇಲೆ ಬಣ್ಣ ಹೇಗೆ ಕಂಡೀತೆಂಬುದನ್ನು ಅದರ ಪರದೆಯಲ್ಲಿಯೇ ಅಂದಾಜು ನೋಡಬಹುದು. ಆದರೆ ಕೊನೆಯ ತೀರ್ಪು ಪರದೆಯದಾಗಬಾರದು. ಅದೇ ಕಾಗದದ ಮೇಲೆ ತೆಗೆದ ಪ್ರೂಫನ್ನು ಹಗಲಿನಲ್ಲಿ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ ಹಿಡಿದು ನೋಡಿ, ಸಂಪಾದಕರು ಅದರ ಮೇಲೆ ಸಹಿ ಹಾಕಬೇಕು. ಸಹಿಯಾದ ಮೇಲೆ ಬಂದ ಬಣ್ಣಕ್ಕೆ ಮುದ್ರಕರನ್ನು ದೂರುವ ಅಧಿಕಾರ ನಮಗಿಲ್ಲ. ಸಹಿಗೆ ವಿರುದ್ಧವಾಗಿ ಬಂದರೆ ಆಗ ಅವರನ್ನು ಕೇಳಬಹುದು.

ಕಡೆಯ ವಿನಂತಿ ಹಣದ್ದು. ಕಳೆದ ವರ್ಷ ತಡೆಹಿಡಿದ ಮೊತ್ತವನ್ನು ಮುದ್ರಣಾಲಯದ ಯಜಮಾನರಿಗೆ ಪೂರ್ಣವಾಗಿ ಸಲ್ಲಿಸಬೇಕು. ಅವರಿಗೆ ಅದು ಚಿಕ್ಕ ಮೊತ್ತವಲ್ಲ. ಆ ನಾಲ್ಕು ಪುಟಗಳಿಗೂ ಕಾಗದ, ಮಸಿ, ಪ್ಲೇಟು, ಕೂಲಿ ಎಲ್ಲವನ್ನೂ ಅವರು ತೆತ್ತಿದ್ದಾರೆ. ಅರಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟು, ಅರಿತ ಮೇಲೂ ಹಣವನ್ನು ಇಟ್ಟುಕೊಂಡರೆ ಕ್ಷಮೆಯಿಲ್ಲ. ಹಿಂದಿನ ಪತ್ರವನ್ನು ಬರೆದ ಕೈಯಿಂದಲೇ ಈ ಬಾರಿಯ ಪತ್ರವನ್ನೂ ಬರೆಯಲು ನಾನು ಸಿದ್ಧನಿದ್ದೇನೆ. ಮಂಡಲಿ ಒಪ್ಪಿದರೆ ಅದನ್ನು ಅಂಚೆಯಲ್ಲಿ ಕಳಿಸದೆ, ಮುಂದಿನ ಸಂಚಿಕೆಯ ಪ್ರೂಫ್ ನೋಡಲು ಹೋಗುವ ದಿನ ನಾನೇ ಕೈಯಲ್ಲಿ ಕೊಟ್ಟು ಬರುವೆನು.